ಮಾತ್ರೆಗೆ ರಜವಿದ್ದ ದಿನಗಳು

ದೊಡ್ಡಮ್ಮನಿಗೆ ಮಾತ್ರೆ ಕೊಡುವ ಕೆಲಸ ನನ್ನ ಪಾಲಿಗೆ ಬಂದದ್ದು ಅವರು ಚಾಮರಾಜಪೇಟೆಯಲ್ಲಿ ನಾನೊಬ್ಬಳೇ ಇದ್ದ ಮನೆಗೆ ಬಂದ ಮೇಲೆ. ಅಮ್ಮನ ಅಕ್ಕ, ಎಂಬತ್ತು ದಾಟಿದವರು. ಅವರ ಯಜಮಾನರು ಅಕ್ಕಿಪೇಟೆಯಲ್ಲಿ ಅಕ್ಕಿ ವ್ಯಾಪಾರ ಮಾಡುತ್ತಿದ್ದರು, ತೀರಿಕೊಂಡು ಬಹಳ ವರ್ಷವಾಯಿತು. ದೊಡ್ಡಮ್ಮನಿಗೆ ಶುಗರ್, ಬಿಪಿ, ಅದರ ಮೇಲೆ ಎದೆಬಡಿತ ತಾಳ ತಪ್ಪುವ ಕಾಯಿಲೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ದೆವ್ವ, ಗಾಳಿ, ಮೈಮೇಲೆ ಬರುವುದು ಅಂತ ಯಾರಾದರೂ ಶುರುಮಾಡಿದರೆ ನನಗೆ ಭಯಕ್ಕಿಂತ ಮೊದಲು ಸಿಟ್ಟು ಬರುತ್ತದೆ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು.

ಮಾತ್ರೆಯ ವಿಷಯದಲ್ಲಿ ದೊಡ್ಡಮ್ಮನದು ಬಲು ಶಿಸ್ತು. ಉಗಿಯುವುದು, ದಿಂಬಿನ ಕೆಳಗೆ ಬಚ್ಚಿಡುವುದು ಯಾವುದೂ ಇಲ್ಲ. ಕಾಯಿಲೆ ಗೊತ್ತಾದ ದಿನವೇ ಒಂದು ದಿನವೂ ಮಾತ್ರೆ ತಪ್ಪಿಸುವುದಿಲ್ಲವೆಂದು ಮನೆದೇವರಿಗೆ ಹರಕೆ ಹೊತ್ತಿದ್ದರು. ಮಾತ್ರೆಗಳಿದ್ದದ್ದೂ ದೇವರ ಮನೆಯ ಗೂಡಿನಲ್ಲೇ, ಕುಂಕುಮದ ಭರಣಿಯ ಪಕ್ಕ. ದೀಪ ಹಚ್ಚಿ, ಕೈಮುಗಿದು, ಆಮೇಲೆ ಮಾತ್ರೆ. ಅಷ್ಟು ನೋಡಿಕೊಂಡು ನಾನು ಸ್ಕೂಲಿಗೆ ಹೊರಡುತ್ತಿದ್ದೆ.

ಎದೆಬಡಿತದ ಪುಟ್ಟ ಬಿಳಿ ಮಾತ್ರೆಗೆ ಮಾತ್ರ ವಾರದಲ್ಲಿ ಎರಡು ದಿನ ರಜ. ಅದು ಮೈಯಲ್ಲಿ ಹೆಚ್ಚು ಸೇರಿಕೊಳ್ಳಬಾರದು, ಶನಿವಾರ ಭಾನುವಾರ ಬೇಡ ಎಂದು ಡಾಕ್ಟರು ಹೇಳಿದ್ದರು.

“ಮಾತ್ರೆಗೂ ರಜ ಇರತ್ತೇನೇ?” ಎಂದು ದೊಡ್ಡಮ್ಮ ಕೇಳಿದ್ದರು.

“ಅದಕ್ಕೆ ಐಟಿ ಕಂಪನೀಲಿ ಕೆಲ್ಸ ದೊಡ್ಡಮ್ಮ. ವಾರಕ್ಕೆ ಐದೇ ದಿನ.”

ಅವರು ನಗಲಿಲ್ಲ. ನಾನು ಶನಿವಾರ ಆ ಸ್ಟ್ರಿಪ್ಪನ್ನು ಪಕ್ಕಕ್ಕೆ ಸರಿಸುವಾಗಲೆಲ್ಲ ಅದನ್ನೇ ನೋಡುತ್ತ ಕೂರುತ್ತಿದ್ದರು.

ಒಂದು ಸೋಮವಾರ ಸಂಜೆ ಗಾಂಧಿ ಬಜಾರಿನಿಂದ ಎರಡು ಮೊಳ ಮಲ್ಲಿಗೆ ತಂದೆ. ದೊಡ್ಡಮ್ಮ ಕೈಗೆ ತೆಗೆದುಕೊಂಡು, “ಸೇವಂತಿಗೆ ಯಾಕ್ ತಂದೆ?” ಎಂದರು.

“ಮಲ್ಲಿಗೆ ಅಲ್ವಾ ಇದು.”

“ಹಳದಿ ಇದ್ಯಲ್ಲೇ.” ಮೂಸಿ ನೋಡಿದರು. ವಾಸನೆ ಮಲ್ಲಿಗೆಯದೇ. ಹೂವನ್ನು ಮೆಲ್ಲಗೆ ಕೆಳಗಿಟ್ಟು ಸೆರಗಿಗೆ ಕೈ ಒರೆಸಿಕೊಂಡರು.

ಮರುದಿನ ಹಾಲಿಗೆ ಅರಿಶಿನ ಹಾಕಿದ್ದೀಯ ಎಂದರು. ಆಮೇಲೆ ಗೋಡೆ, ನನ್ನ ಬಿಳಿ ಸೀರೆ, ಕೊನೆಗೆ ನನ್ನ ಮುಖವೂ ಹಳದಿಯಾಯಿತು. ಪೊರೆಯ ಆಪರೇಷನ್ ಆಗಿ ವರ್ಷಗಳಾಗಿದ್ದವು. ಕಣ್ಣಿನ ಡಾಕ್ಟರ ಬಳಿ ಕರೆದುಕೊಂಡು ಹೋದರೆ ಕಣ್ಣು ಚೆನ್ನಾಗಿದೆ, ವಯಸ್ಸಾಯಿತಲ್ಲ ಎಂದು ಕಳಿಸಿದರು. ಆ ಸಂಜೆ ದೇವರ ಮನೆಯ ಬಾಗಿಲಲ್ಲಿ ಕೂತಿದ್ದ ದೊಡ್ಡಮ್ಮ ದೀಪದ ಸುತ್ತ ಬಳೆಯಂಥ ಬೆಳಕು ಕಾಣುತ್ತಿದೆ ಎಂದರು. ಆಮೇಲೆ, ಯಾವ ಗಾಬರಿಯೂ ಇಲ್ಲದ ದನಿಯಲ್ಲಿ, “ಅಕ್ಕ ಬಂದಿದಾಳೆ” ಎಂದರು.

ದೊಡ್ಡಮ್ಮನಿಗೆ ಒಬ್ಬ ಅಕ್ಕ ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಅಮ್ಮ ಹುಟ್ಟುವ ಮೊದಲೇ ತೀರಿಹೋದವಳು, ಮನೆಯಲ್ಲಿ ಯಾರೂ ಅವಳ ಮಾತೆತ್ತುತ್ತಿರಲಿಲ್ಲ ಎಂದು ಆಗ ದೊಡ್ಡಮ್ಮನೇ ಹೇಳಿದರು. ಮದುವೆಗೆ ಅರಿಶಿನ ಹಚ್ಚಿದ ಸಂಜೆಯೇ ಜ್ವರ ಏರಿತು. ಮುಹೂರ್ತದ ದಿನ ಅವಳನ್ನು ಅದೇ ಚಪ್ಪರದ ಕೆಳಗೆ, ಅರಿಶಿನದ ಮೈಯಲ್ಲೇ ಮಲಗಿಸಿದರು. ವರ್ಷ ಕಳೆದ ಮೇಲೆ ಅದೇ ಗಂಡಿಗೆ ತಂಗಿಯನ್ನು ಕೊಟ್ಟರು. ಆ ತಂಗಿಯೇ ನಮ್ಮ ದೊಡ್ಡಮ್ಮ.

“ಏನಂತಾಳೆ?” ಎಂದು ಕೇಳಿದೆ. ಕೇಳಿದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

“ಏನೂ ಅನ್ನಲ್ಲ. ಕೂತಿರ್ತಾಳೆ. ಕರ್ಕೊಂಡ್ಹೋಗಕ್ಕೆ ಬಂದಿರ್ಬೇಕು.”

ಅಲ್ಲಿಂದ ಊಟ ಇಳಿಯಿತು. ತಟ್ಟೆ ಮುಂದಿಟ್ಟರೆ ಹೊಟ್ಟೆ ತೊಳಸುತ್ತದೆ ಎಂದು ದೂರ ತಳ್ಳುವರು. ಇನ್ನೊಮ್ಮೆ, ಅವಳು ಉಂಡಿಲ್ಲ, ನಾನು ಹೇಗೆ ಉಣ್ಣಲಿ ಎನ್ನುವರು. ಮಂಚದಲ್ಲಿ ಗೋಡೆಗೆ ಒತ್ತಿಕೊಂಡು, ಪಕ್ಕದಲ್ಲಿ ಒಂದಾಳಿನ ಜಾಗ ಬಿಟ್ಟು ಮಲಗತೊಡಗಿದರು. ನಾನು ಹಾಸಿಗೆ ಸರಿಮಾಡುವಾಗ ಆ ಜಾಗಕ್ಕೆ ಕೈ ತಾಗಿಸದೆ ಬಂದುಬಿಡುತ್ತಿದ್ದೆ. ಗಣಿತದ ಮೇಷ್ಟ್ರಮ್ಮನ ಧೈರ್ಯ ಅಷ್ಟರಲ್ಲೇ ಇತ್ತು.

ಜೊತೆಗೆ ಇನ್ನೊಂದು ವಿಷಯ ಶುರುವಾಯಿತು. ಬಿಳಿ ಮಾತ್ರೆ ಕಡಿಮೆಯಾಗುತ್ತಿತ್ತು. ದಿನಾ ಬೆಳಿಗ್ಗೆ ನನ್ನೆದುರಿಗೆ ಒಂದೇ ತೆಗೆದುಕೊಳ್ಳುತ್ತಾರೆ, ಶನಿವಾರ ಭಾನುವಾರ ಮುಟ್ಟುವುದೂ ಇಲ್ಲ. ಆದರೂ ಸ್ಟ್ರಿಪ್ಪು ಬೇಗ ಖಾಲಿ. ಮೆಡಿಕಲ್ ಸ್ಟೋರಿನವರು, “ಮೇಡಂ, ಮೊನ್ನೆ ತಾನೆ ತಗೊಂಡೋದ್ರಲ್ಲ” ಎಂದರು. ದೊಡ್ಡಮ್ಮನನ್ನು ಕೇಳಿದರೆ, “ನಾನ್ ಲೆಕ್ಕ ಸರಿಯಾಗೇ ತಗೊಳ್ತಿದೀನಮ್ಮ” ಎಂದರು. ಅವರು ಸುಳ್ಳು ಹೇಳುವವರಲ್ಲ. ಮನೆಯಲ್ಲಿದ್ದವರು ನಾವಿಬ್ಬರೇ. ಅದೊಂದು ಸಂಜೆ ಕರೆಂಟು ಹೋಗಿ, ಇನ್ವರ್ಟರ್ ಹತ್ತಿಕೊಳ್ಳುವ ಮೊದಲ ಆ ಕ್ಷಣದಲ್ಲಿ, ನಡುಮನೆಯ ತುಂಬ ತೇದ ಹಸಿ ಅರಿಶಿನದ ವಾಸನೆ ಬಂತು. ಅಡಿಗೆಮನೆಯಿಂದ ಬಂದಿರಬೇಕು. ಅಡಿಗೆಮನೆಗೆ ಹೋಗಿ ನೋಡಲಿಲ್ಲ.

ಮುಂದಿನ ಸೋಮವಾರ ಮಧ್ಯಾಹ್ನ ಸ್ಕೂಲಿಂದ ಬಂದಾಗ ದೊಡ್ಡಮ್ಮ ದೇವರ ಮನೆಯ ಬಾಗಿಲಿಗೆ ಒರಗಿ ಕೂತಿದ್ದರು. ಕಣ್ಣು ತೆರೆದಿತ್ತು, ಕರೆದರೆ ಉತ್ತರವಿಲ್ಲ. ಮಣಿಕಟ್ಟು ಹಿಡಿದೆ. ಒಂದು ಬಡಿತವಾದ ಮೇಲೆ ಇನ್ನೊಂದು ಬರುತ್ತದೋ ಇಲ್ಲವೋ ಎಂದು ಕಾಯಬೇಕಾಗಿತ್ತು. ಆಟೋದಲ್ಲಿ ಅವರನ್ನು ತಬ್ಬಿಕೊಂಡು ಕೂತವಳು, ನನಗೇ ನಾಚಿಕೆಯಾಗುವಂತೆ, ಪಕ್ಕದ ಖಾಲಿ ಸೀಟಿಗೆ ಮನಸ್ಸಿನಲ್ಲೇ ಬೇಡಿಕೊಂಡೆ. ಈಗಲೇ ಬೇಡ, ಇನ್ನೂ ಸ್ವಲ್ಪ ದಿನ ಬಿಡು ಅಂತ.

ನರ್ಸಿಂಗ್ ಹೋಮಿನಲ್ಲಿ ಮಾನಿಟರಿನ ಗೆರೆ ನೋಡಿ ಡಾಕ್ಟರು ಕೇಳಿದರು: “ವಾಂತಿ ಬರೋ ಹಾಗೆ ಆಗ್ತಿತ್ತಾ? ಊಟ ಬಿಟ್ಟಿದ್ರಾ?” ಹೌದೆಂದೆ. “ವಸ್ತು ಎಲ್ಲಾ ಹಳದಿ ಕಾಣತ್ತೆ ಅಂತಿದ್ರಾ?”

ಹಳದಿಯ ಮಾತನ್ನು ನಾನು ಅವರಿಗೆ ಹೇಳಿರಲೇ ಇಲ್ಲ.

ಆ ಬಿಳಿ ಮಾತ್ರೆ ಅತಿಯಾದರೆ ಹೀಗೆಲ್ಲ ಆಗುತ್ತದಂತೆ. ಎದೆಬಡಿತ ಇಳಿಯುತ್ತದೆ, ಅನ್ನ ಸೇರುವುದಿಲ್ಲ, ದೀಪದ ಸುತ್ತ ಬಳೆ ಕಾಣುತ್ತದೆ, ಜಗತ್ತು ಹಳದಿಯಾಗುತ್ತದೆ. ವಯಸ್ಸಾದವರಿಗೆ ಇಲ್ಲದವರು ಕಾಣುವುದೂ ಉಂಟು. ದೊಡ್ಡಮ್ಮ ಸ್ವಲ್ಪ ಚೇತರಿಸಿಕೊಂಡ ಮೇಲೆ ಡಾಕ್ಟರು ಬಗ್ಗಿ, “ಅಜ್ಜಿ, ಆ ಮಾತ್ರೆ ಹೇಗ್ ತಗೊಳ್ತಿದ್ರಿ?” ಎಂದು ಕೇಳಿದರು.

“ತಪ್ಪದೆ ತಗೊಳ್ತಿದ್ದೆ. ಶನಿವಾರ ಭಾನುವಾರ ಇವಳು ಬೇಡ ಅಂತಿದ್ಲು, ಬಿಡ್ತಿದ್ದೆ. ಬಿಟ್ಟಿದ್ದು ಸೋಮವಾರ ಇವಳು ಹೋದ್ಮೇಲೆ ಸೇರಿಸಿ ತಗೊಳ್ತಿದ್ದೆ. ತಪ್ಪುಕಾಣಿಕೆ ಅಂತ ಮೇಲೊಂದು.”

ಹರಕೆಯ ದೀಪ ಒಂದು ವಾರ ತಪ್ಪಿದರೆ ಮುಂದಿನ ವಾರ ಅದನ್ನೂ ಹಚ್ಚಿ, ತಪ್ಪಾಯಿತೆಂದು ಇನ್ನೊಂದು ಸೇರಿಸುವುದು ನಮ್ಮ ಮನೆಯ ರೂಢಿ. ದೇವರು ಅದನ್ನು ಒಪ್ಪುತ್ತಾನೆ. ಹೃದಯ ಒಪ್ಪಲಿಲ್ಲ. ಡಾಕ್ಟರು ನನ್ನ ಕಡೆ ನೋಡಿದರು. ನನಗೆ ನಗು, ಅಳು ಒಟ್ಟಿಗೇ ಬಂದವು.

ಆ ಮಾತ್ರೆಯನ್ನು ನಿಲ್ಲಿಸಿದರು. ದೊಡ್ಡಮ್ಮ ಮನೆಗೆ ಬಂದರು, ಗಂಜಿ ಕುಡಿದರು, ಆಮೇಲೆ ಮುದ್ದೆ ಕೇಳಿ ಉಂಡರು. ಹಳದಿ ಮೆಲ್ಲಗೆ ಇಳಿಯಿತು. ನಾನು ನೆಮ್ಮದಿಯ ಉಸಿರು ಬಿಟ್ಟೆ. ಅವರು ಮಾತ್ರ ಸಂಜೆಯಾದರೆ ದೇವರ ಮನೆಯ ಬಾಗಿಲಲ್ಲಿ ಕೂತು, ದೀಪದ ಪಕ್ಕದ ನೆಲವನ್ನೇ ಹುಡುಕುವರು.

ಒಂದು ಸಂಜೆ ನನ್ನ ಕೈ ಹಿಡಿದುಕೊಂಡರು. “ಆ ಬಿಳಿ ಮಾತ್ರೆ ಮಿಕ್ಕಿದ್ಯೇನೇ?”

ಮಿಕ್ಕಿತ್ತು, ನನ್ನ ಬೀರುವಿನಲ್ಲಿ. ಯಾಕೆ ಎಂದೆ.

“ಒಂದೇ ಒಂದ್ಸಲ ಕೊಡು. ಅವಳಿಗೊಂದು ಮಾತು ಹೇಳೋದಿತ್ತು. ಅಷ್ಟು ದಿನ ಎದುರಿಗೇ ಕೂತಿದ್ಲು, ನನಗೆ ಬಾಯಿ ಬರ್ಲಿಲ್ಲ.”

“ಏನು ಮಾತು ದೊಡ್ಡಮ್ಮ?”

“ಜ್ವರಕ್ಕೆ ಪಂಡಿತ್ರು ಕಷಾಯ ಕೊಟ್ಟಿದ್ರು. ಕುಡಿಸೋ ಕೆಲ್ಸ ನನ್ದು. ಕಹಿ ಕಣೇ, ಕುಡಿಯಕ್ಕಾಗಲ್ಲ ಅಂತ ಹೀಗೇ ನನ್ ಕೈ ಹಿಡ್ಕೊಂಡ್ಲು. ಅಕ್ಕ ಅಷ್ಟು ಕೇಳ್ದಾಗ ಹೇಗ್ ಇಲ್ಲ ಅನ್ನೋದು. ಹಿತ್ತಲಲ್ಲಿ ಚೆಲ್ಬಿಟ್ಟು ಬಂದು, ಕುಡಿಸ್ದೆ ಅಂತ ಅಮ್ಮಂಗೆ ಹೇಳ್ದೆ. ಮೂರು ಹೊತ್ತೂ ಹಾಗೇ ಮಾಡ್ದೆ.”

ಅವರ ಬೆರಳುಗಳು ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದವು. ಎಂಬತ್ತು ದಾಟಿದವರು, ನಾನು ಎತ್ತಿ ಆಡಿಸಿದ ಮಗುವಿನ ಹಾಗೆ ಮುಖ ನೋಡುತ್ತಿದ್ದರು. ಒಂದು ಮಾತ್ರೆಯಿಂದ ಏನಾದೀತು ಎಂದು ಒಂದು ಗಳಿಗೆ ನನಗೂ ಅನ್ನಿಸಿಬಿಟ್ಟಿತು.

“ಇಲ್ಲ ದೊಡ್ಡಮ್ಮ, ಕೊಡಲ್ಲ” ಎಂದೆ.

ಅವರು ಹಿಡಿದಿದ್ದ ಕೈಯನ್ನು ಮೆಲ್ಲಗೆ ಬಿಟ್ಟರು.

“ನಾನೂ ಅವತ್ತು ಹೀಗೇ ಅನ್ಬೇಕಿತ್ತು” ಎಂದರು.