ಏಳು ತೂತಿನ ಚಕ್ರ

ಯಲ್ಲಾಪುರದಲ್ಲಿ ಲಾರಿ ರಿಪೇರಿ ಮಾಡುವವರು ಮೂರು ಜನ ಇದ್ದರು. ರಿಪೇರಿ ಮಾಡುತ್ತ ಲಾರಿಗೆ ಬೈಯುವವನು ಸಂಗಯ್ಯ ಒಬ್ಬನೇ. ಬೋಲ್ಟು ಪಾನಾಕ್ಕೆ ತಿರುಗದೆ ಕಚ್ಚಿಕೊಂಡರೆ ಅದರ ಏಳು ತಲೆಮಾರನ್ನು ಎತ್ತಿ ಆಡುತ್ತಿದ್ದ. ಬಿಚ್ಚಿಕೊಂಡ ಮೇಲೆ ಅದೇ ಬೋಲ್ಟನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕೂಸಿನ ಮೈ ಒರೆಸಿದ ಹಾಗೆ ಒರೆಸಿ ಇಡುತ್ತಿದ್ದ. ತೊಳೆಯದ ಸಾಮಾನು ಅವನ ಕೈಯಿಂದ ಇಂಜಿನ್ನಿಗೆ ಹೋಗುತ್ತಿರಲಿಲ್ಲ. ಹೋಗಿದ್ದು ಒಂದೇ ಒಂದು ಸಲ, ಅದಕ್ಕೆ ಅವನು ಪಟ್ಟ ಪಾಡು ನಾಯಿಗೂ ಬೇಡ.

ಅವನು ಬನವಾಸಿ ಕಡೆಯ ಅಯ್ಯನವರ ಮನೆತನದವನು. ಅಪ್ಪ, ಅಣ್ಣ ಎಲ್ಲ ಜೋಳಿಗೆ ಹಿಡಿದು ಭಕ್ತರ ಮನೆಗೆ ಹೋಗಿ, ಮದುವೆ ತೊಟ್ಟಿಲು ಮಾಡಿಸಿ ಬರುವವರು. ಸಂಗಯ್ಯನಿಗೆ ಮಾತ್ರ ಮಂತ್ರ ನಾಲಿಗೆಗೆ ಹತ್ತಲಿಲ್ಲ, ಕಬ್ಬಿಣ ಕೈಗೆ ಹತ್ತಿತು. ಮನೆಯಲ್ಲಿ ಜಗಳವಾಡಿಕೊಂಡು ಬಂದು ಯಲ್ಲಾಪುರದಲ್ಲಿ ನಿಂತಿದ್ದ. ಯಾರ ಕಾಲಿಗೂ ಬೀಳದೆ, ಯಾರನ್ನೂ ತನ್ನ ಕಾಲಿಗೆ ಬೀಳಿಸಿಕೊಳ್ಳದೆ ಬದುಕಿದ್ದೇನೆ ಅನ್ನುವುದು ಅವನ ದೊಡ್ಡ ಹೆಮ್ಮೆ.

ಅರವತ್ತೆರಡನೇ ಇಸವಿ. ಚಂದಗುಳಿ ಕಡೆಯ ವಿಘ್ನೇಶ್ವರ ಹೆಗಡೆಯವರ ಮರ ಸಾಗಿಸುವ ನಾಟಾ ಲಾರಿ ಪೆಟ್ರೋಲನ್ನು ನೀರಿನ ಹಾಗೆ ಕುಡಿಯುತ್ತಿತ್ತು. ಅವರು ಮುಂಬಯಿಯಿಂದ ಹಳೆಯ ಡೀಸೆಲ್ ಇಂಜಿನ್ನೊಂದನ್ನು ತರಿಸಿದರು. ಇಂಜಿನ್ ಬದಲಿಸುವುದು ಹುಡುಗಾಟವಲ್ಲ, ಹುಬ್ಬಳ್ಳಿಗೇ ಕಳಿಸುತ್ತೇನೆ ಎಂದು ಚಹಾದಂಗಡಿಯಲ್ಲಿ ಅವರು ಹೇಳಿದ್ದೇ ತಡ, ಸಂಗಯ್ಯನ ಪಿತ್ತ ನೆತ್ತಿಗೇರಿತು. ಹತ್ತು ಜನರ ಎದುರಿಗೆ ಎದ್ದು ನಿಂತ.

“ನಾನು ಕೂಡಿಸಿದ ಇಂಜಿನ್ ನಡುಗಿದ್ರ ಪಾನಾ ಕೆಳಗಿಟ್ಟು, ಜೋಳಿಗಿ ಹಿಡದು ಊರಿಗೆ ಹೋಗ್ತೇನ್ರಿ ಹೆಗಡೇರ.”

ಹೆಗಡೆಯವರು ಒಪ್ಪಿದರು. ಮಾತು ಆಡಿದರೆ ಹೋಯಿತು. ಮರುದಿನವೇ ಅದು ಪೇಟೆಯ ತುಂಬ ಹಬ್ಬಿತ್ತು.

ಆ ಇಂಜಿನ್ನಿನ ಬೆನ್ನಿಗೆ ಕೂಡುವ ಫ್ಲೈವೀಲ್ ಎಂಬ ಭಾರದ ಚಕ್ರವೊಂದು ಇರುತ್ತದೆ. ಅದರ ತೂಕ ಸುತ್ತಲೂ ಸಮ ಇರಬೇಕು, ಇಲ್ಲದಿದ್ದರೆ ಗಾಡಿಗೆ ಚಳಿಜ್ವರ ಬಂದ ಹಾಗೆ. ಅದನ್ನು ಹುಬ್ಬಳ್ಳಿಯ ಒಂದು ಕಾರಖಾನೆಯಲ್ಲಿ ತೂಕ ಸರಿ ಮಾಡಿಸಿ ತರಿಸಿದರು. ಪೆಟ್ಟಿಗೆ ನೇರ ಹೆಗಡೆಯವರ ಮನೆಗೆ ಬಂತು. ನಾಲ್ಕು ದಿನ ಬಿಟ್ಟು, ಅವರ ತಾಯಿ ದೇವಕಮ್ಮ ಚಕ್ರಕ್ಕೆ ಪೂಜೆ ಮಾಡಿಸಿ, ಎತ್ತಿನ ಗಾಡಿಯಲ್ಲಿ ಹೇರಿಸಿಕೊಂಡು ತಾವೇ ಬಂದರು. ಅಂಚಿನ ಸುತ್ತ ಅರಿಶಿನ ಮೆತ್ತಿತ್ತು, ಅದರ ಮೇಲೆ ಸಾಲು ಸಾಲು ಕುಂಕುಮ. ಮುಹೂರ್ತ ಮೀರುತ್ತದೆ, ಬೇಗ ಕೂಡಿಸು ಎಂದು ಎದುರಿಗೇ ಕುರ್ಚಿ ಹಾಕಿಸಿಕೊಂಡು ಕೂತರು.

ಸಂಗಯ್ಯನ ಕೈ ಸೀಮೆಎಣ್ಣೆ ಡಬ್ಬಿಗೆ ಹೋಗಿ, ನಿಂತಿತು. ಆ ಮುದುಕಿಯ ಎದುರು ಅರಿಶಿನ ತೊಳೆಯುವ ಧೈರ್ಯ ಬರಲಿಲ್ಲ. ಇಂಜಿನ್ನಿಗೆ ಕೂಡುವ ಮುಖವನ್ನಷ್ಟೇ ಒರೆಸಿ, ಗುರುತಿಗೆ ಗುರುತು ಹೊಂದಿಸಿ, ಒಂದರ ಎದುರು ಇನ್ನೊಂದು ಎಂಬಂತೆ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದ. ಅಂಚನ್ನು ಮುಟ್ಟಲಿಲ್ಲ.

ಲಾರಿ ಶುರುವಾಯಿತು. ಮೊದಲು ಸೀಟು ನಡುಗಿತು, ಆಮೇಲೆ ಬಾಗಿಲು, ಆಮೇಲೆ ಸ್ಟಿಯರಿಂಗ್ ಹಿಡಿದ ಡ್ರೈವರ್ ಗಣಪನ ಗಲ್ಲ. ನೋಡಲು ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಗಯ್ಯ ಅರಿಶಿನ ಮುಟ್ಟದೆ ಎರಡು ಸಲ ಎಲ್ಲ ಬಿಚ್ಚಿ ಕೂಡಿಸಿದ, ಎರಡು ಸಲವೂ ನಡುಗಿತು. ಮೂರು ದಿನ ಅನ್ನ ಸೇರಲಿಲ್ಲ. ಜೋಳಿಗೆ ಹೊಲಿಯಲು ಯಾವ ಬಣ್ಣದ ಬಟ್ಟೆ ಕೊಡಲಿ ಎಂದು ಬಟ್ಟೆಯಂಗಡಿಯವನು ಕೇಳಿದನಂತೆ.

ನಾಲ್ಕನೆಯ ದಿನ ಮೂರನೇ ಸಲ ಬಿಚ್ಚಿದ. ಹೆಗಡೆಯವರೂ ದೇವಕಮ್ಮನೂ ಬಂದಿದ್ದರು. ಹೇಗೂ ಮಾನ ಹೋಯಿತು, ಇನ್ನು ಅರಿಶಿನದ ಮುಲಾಜೇಕೆ ಎಂದುಕೊಂಡು ಸಂಗಯ್ಯ ಚಕ್ರದ ಮೇಲೆ ಒಂದು ಡಬ್ಬಿ ಸೀಮೆಎಣ್ಣೆ ಸುರಿದ. ಅರಿಶಿನ ಇಳಿದು ಹೋಯಿತು. ಅಂಚಿನ ಒಂದೇ ಮಗ್ಗುಲಿಗೆ ಏಳು ಹಿತ್ತಾಳೆ ಬೊಟ್ಟು ಫಳಫಳ ಹೊಳೆದವು.

ಇದೇನಿದು ಎಂದು ಸಂಗಯ್ಯ ಕೇಳುವ ಮೊದಲೇ ದೇವಕಮ್ಮ ಹಿಗ್ಗಿನಿಂದ ಹೇಳಿದರು. ಹುಬ್ಬಳ್ಳಿಯವರು ತೂತು ಬಿದ್ದ ಚಕ್ರ ಕಳಿಸಿ ಮೋಸ ಮಾಡಿದ್ದರಂತೆ. ತೂತಾದದ್ದು ಭಿನ್ನ, ಭಿನ್ನಕ್ಕೆ ಪೂಜೆಯಿಲ್ಲ. ಅದಕ್ಕೇ ಕಂಚುಗಾರನನ್ನು ಕರೆಸಿ, ಏಳಕ್ಕೂ ಹಿತ್ತಾಳೆ ಬಿರಡೆ ಹೊಡೆಸಿ, ಅರದಿಂದ ಉಜ್ಜಿ ನುಣ್ಣಗೆ ಮಾಡಿಸಿ, ಆಮೇಲೆ ಪೂಜೆ ಮಾಡಿಸಿದರಂತೆ.

ಸಂಗಯ್ಯ ಒಂದೊಂದೇ ಬಿರಡೆಯ ಮೇಲೆ ಬೆರಳಿಟ್ಟು ನೋಡಿದ. ಭಾರ ಹೆಚ್ಚಿದ್ದ ಮಗ್ಗುಲಲ್ಲಿ ಕಬ್ಬಿಣ ಕೊರೆದು ತೆಗೆದೇ ಹುಬ್ಬಳ್ಳಿಯವರು ತೂಕ ಸಮ ಮಾಡಿದ್ದರು. ಮುದುಕಿ ಅದನ್ನು ಮತ್ತೆ ತುಂಬಿಸಿದ್ದರು, ಅದೂ ಕಬ್ಬಿಣಕ್ಕಿಂತ ಭಾರದ ಹಿತ್ತಾಳೆಯಲ್ಲಿ. ಬೈಗುಳ ಗಂಟಲಿನ ತನಕ ಬಂತು. ಆದರೆ ಅವತ್ತೇ ತೊಳೆದಿದ್ದರೆ ಅವತ್ತೇ ಕಾಣುತ್ತಿತ್ತಲ್ಲ! ತಪ್ಪಿನಲ್ಲಿ ಅರ್ಧ ತನ್ನದು ಎಂಬುದು ಹೊಳೆದು ಬೈಗುಳ ನುಂಗಿಕೊಂಡ. ಬಿರಡೆ ತೆಗೆಯಬೇಕು ಎಂದಷ್ಟೇ ಹೇಳಿದ.

ದೇವಕಮ್ಮ ಕುರ್ಚಿಯಿಂದ ಎದ್ದರು. “ಪೂಜೆ ಆದ್ದಕ್ಕೆ ತೂತ ಮಾಡ್ಲಾಗ. ಆನು ಬದುಕಿಪ್ಪತನಕ ಆಗ್ತಿಲ್ಲೆ.”

ಹೆಗಡೆಯವರು ತಾಯಿಯ ಮುಖ ನೋಡಿದರು, ಲಾರಿಯ ಮುಖ ನೋಡಿದರು, ಕೊನೆಗೆ ಆಕಾಶ ನೋಡಿದರು. ಸಂಗಯ್ಯ ತಕ್ಕಡಿಯ ಉದಾಹರಣೆ ಕೊಟ್ಟ, ಒಂದೇ ಮಗ್ಗುಲಿಗೆ ಹುಲ್ಲು ಹೇರಿದ ಗಾಡಿಯ ಉದಾಹರಣೆ ಕೊಟ್ಟ. ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗಾಯಿತು. ಆಗ ಅವನ ಕಣ್ಣು ಮುದುಕಿಯ ಕಿವಿಯ ಓಲೆಯ ಮೇಲೆ ಬಿತ್ತು.

“ಅಮ್ಮಾರ, ನಿಮ್ಮ ಕಿವಿಗೆ ತೂತ ಐತಿ, ಮೂಗಿಗೂ ಐತಿ. ಹಂಗಂತ ನೀವು ಭಿನ್ನ ಆದ್ರೇನ್ರಿ?”

ದೇವಕಮ್ಮನ ಕೈ ತಾನಾಗಿ ಓಲೆಗೆ ಹೋಯಿತು. ಕಿವಿ ಚುಚ್ಚದ ಮಗುವೇ ಅಪೂರ್ಣ ಎಂದು ಅವರೇ ಎಷ್ಟು ಸೊಸೆಯರಿಗೆ ಹೇಳಿದ್ದರೋ. ಕೊನೆಗೆ ಒಪ್ಪಿದರು, ಆದರೆ ಕಿವಿ ಚುಚ್ಚುವುದಾದರೆ ಶಾಸ್ತ್ರದಂತೆಯೇ ಆಗಬೇಕು ಎಂದರು. ಗುರುವಾರ ಬೆಳಿಗ್ಗೆ ಚಕ್ರವನ್ನು ಮಣೆಯ ಮೇಲೆ ಕೂರಿಸಿ, ಆರತಿ ಎತ್ತಿ, ಬೆಲ್ಲ ಹಂಚಿದರು. ಸಂಗಯ್ಯ ಕೈ ಡ್ರಿಲ್ಲಿನಿಂದ ಏಳೂ ಬಿರಡೆ ಕೊರೆದು ತೆಗೆದ. ಸಂಜೆ ಲಾರಿ ಸಿರ್ಸಿಗೆ ಹೋಗಿ ಬಂತು. ಗಣಪನ ಗಲ್ಲ ಅಲ್ಲಾಡಲಿಲ್ಲ. ಸಂಗಯ್ಯನ ಪಾನಾ ಉಳಿಯಿತು. ಅವತ್ತು ರಾತ್ರಿ ಅವನು ಎರಡು ಸಲ ಅನ್ನ ಹಾಕಿಸಿಕೊಂಡ.

ಹದಿನೈದು ದಿನಕ್ಕೆ ಸಿದ್ದಾಪುರದ ವೀರಪ್ಪ ಎಂಬ ಲಾರಿ ಮಾಲಕ ಬಂದ. ಕೈಯಲ್ಲಿ ತೆಂಗಿನಕಾಯಿ, ವೀಳ್ಯದೆಲೆ. ತನ್ನ ಲಾರಿಯೂ ನಡುಗುತ್ತದೆ, ಕಿವಿ ಚುಚ್ಚಿಕೊಡಬೇಕು ಎಂದ. ಸಂಗಯ್ಯ ಅರ್ಧ ಗಂಟೆ ತೂಕದ ವಿಷಯ ಬಿಡಿಸಿ ಹೇಳಿದ. ವೀರಪ್ಪ ಎಲ್ಲದಕ್ಕೂ ಹೂಂಗುಟ್ಟಿ, ಮುಹೂರ್ತ ಎಷ್ಟು ಹೊತ್ತಿಗೆ ಎಂದು ಕೇಳಿದ.

ಸಂಗಯ್ಯ ಬೈಯುತ್ತ ಲಾರಿಯ ಕೆಳಗೆ ನುಸುಳಿದ. ಇಂಜಿನ್ ಕೂತ ಜಾಗದ ಬೋಲ್ಟೊಂದು ಸಡಿಲಾಗಿತ್ತು, ಅಷ್ಟೇ. ಬಿಗಿದ; ನಡುಕ ನಿಂತಿತು. ವೀರಪ್ಪನ ಮುಖ ಮಾತ್ರ ಅರಳಲಿಲ್ಲ. ಕಾಯಿ ಹಿಡಿದುಕೊಂಡು ನಿಂತೇ ಇದ್ದ. ಸಂಗಯ್ಯ ಹಲ್ಲು ಕಚ್ಚಿ ಡ್ರಿಲ್ ತೆಗೆದುಕೊಂಡು ಮತ್ತೆ ಕೆಳಗೆ ಹೋಗಿ, ಯಾವುದೋ ಗುಜರಿ ತುಂಡಿಗೆ ಕರಕರ ಎಂದು ಒಂದು ತೂತು ಕೊರೆದ.

ಹೊರಗೆ ಬಂದಾಗ ವೀರಪ್ಪ ಹೆಗಲ ಮೇಲಿನ ಟುವಾಲನ್ನು ಸೊಂಟಕ್ಕೆ ಸುತ್ತಿಕೊಂಡಿದ್ದ. ಸಂಗಯ್ಯ ಬೇಡ ಎನ್ನುವಷ್ಟರಲ್ಲಿ ಅವನ ಗ್ರೀಸು ಮೆತ್ತಿದ ಕಾಲಿಗೆ ಹಣೆ ಮುಟ್ಟಿಸಿ, “ಶರಣ್ರಿ ಅಯ್ಯನವರ” ಎಂದ.