ತೊಂಬತ್ತೊಂಬತ್ತರ ಮೇಲೆ ಒಂಬತ್ತು

ಕಳೆದ ಗುರುವಾರ ಸಂಜೆ ನಾನು ಸೋಲಾಪುರದಿಂದ ಅಕ್ಕಲಕೋಟೆ ಮುಟ್ಟಿದೆ. ಏಳು ತಿಂಗಳು ಹಿಡಿಯಿತು. ಹೆಚ್ಚಿನ ದಾರಿ ದೋಣಿಯಲ್ಲೇ ಹೋದೆ.

ನಗಬೇಡಿ. ಈ ಎರಡು ಊರುಗಳ ನಡುವೆ ದೋಣಿ ತೇಲುವಂಥ ಹೊಳೆ ಇಲ್ಲವೆಂದು ನನಗೂ ಗೊತ್ತು. ಹದಿನೆಂಟು ವರ್ಷದಿಂದ ನೀರಾವರಿ ಕಚೇರಿಯಲ್ಲಿ ಕ್ಲಾರ್ಕ್ ಆಗಿದ್ದೇನೆ, ನನಗೆ ಗೊತ್ತಿರದೆ ಇನ್ಯಾರಿಗೆ ಗೊತ್ತಿರಬೇಕು? (ನಮ್ಮ ಮನೆಯ ನಲ್ಲಿಗೆ ನೀರು ಬರುವುದು ಮೂರು ದಿನಕ್ಕೊಮ್ಮೆ. ಆ ದುಃಖ ಇನ್ನೊಂದು ವಾರಕ್ಕಿರಲಿ.) ಆದರೆ ದೋಣಿ ನಡೆಸಿದ್ದು ಸುಳ್ಳಲ್ಲ.

ಶುರುವಿನಿಂದ ಹೇಳುತ್ತೇನೆ.

ನಾಲ್ಕು ವರ್ಷದ ಹಿಂದೆ ನಮ್ಮ ಯಜಮಾನರಿಗೆ ಕಾಮಾಲೆಯಾಗಿತ್ತು. ಕಣ್ಣು, ಉಗುರು ಎಲ್ಲ ಹಳದಿ. ಇಪ್ಪತ್ತು ದಿನ ಆಸ್ಪತ್ರೆ. ಒಂದು ರಾತ್ರಿ ಡಾಕ್ಟರ ಮುಖ ನೋಡಿ ನನ್ನ ಧೈರ್ಯ ಉಡುಗಿಹೋಯಿತು. ಇವರು ಎದ್ದು ಮನೆಗೆ ಬಂದರೆ ಅಕ್ಕಲಕೋಟೆಯ ಸ್ವಾಮಿ ಸನ್ನಿಧಿಗೆ ನಡೆದೇ ಬರುತ್ತೇನೆಂದು ಹರಕೆ ಹೊತ್ತೆ. ಇವರು ಎದ್ದರು, ಮನೆಗೆ ಬಂದರು, ಮೊದಲಿನಂತೆ ಚಹಾದಲ್ಲಿ ಸಕ್ಕರೆ ಕಡಿಮೆಯೆಂದು ತಕರಾರು ಮಾಡತೊಡಗಿದರು. ಹರಕೆ ಮಾತ್ರ ಹಾಗೇ ಉಳಿಯಿತು. ಮಕ್ಕಳ ಪರೀಕ್ಷೆ, ಆಫೀಸಿನ ಮಾರ್ಚ್ ಎಂಡ್, ಏನಾದರೊಂದು ನೆಪ.

ನಮ್ಮ ಓಣಿಯಿಂದ ಪ್ರತಿವರ್ಷ ಮಾರ್ಗಶಿರದ ಒಂದು ಗುರುವಾರ ಮೂವತ್ತು ನಲವತ್ತು ಜನ ಅಕ್ಕಲಕೋಟೆಗೆ ನಡೆಯುತ್ತಾರೆ. ಸುಮಾರು ನಲವತ್ತು ಕಿಲೋಮೀಟರ್. ನಸುಕಿಗೆ ಬಿಟ್ಟರೆ ಸಂಜೆಯೊಳಗೆ ಮುಟ್ಟಬೇಕು. ಹಿಂದೆ ಒಂದು ಟೆಂಪೋ ಬರುತ್ತದೆ, ನೀರಿನ ಡ್ರಮ್ಮು, ಊಟದ ಡಬ್ಬಿ ಹೊತ್ತುಕೊಂಡು. ನಡೆಯಲಾರದವರೂ ಅದರಲ್ಲೇ.

ಹೋದ ವರ್ಷ ನಾನೂ ಹೊರಟೆ. ಕುಂಭಾರಿಯವರೆಗೆ ಹಾಡುತ್ತ ಹೋದೆ. ವಳಸಂಗಕ್ಕೆ ಬಂದಾಗ ಮೊಣಕಾಲು ಮಡಚಲು ಆಗಲಿಲ್ಲ. ಮಡಚಿದರೆ ಬಿಚ್ಚಲು ಆಗಲಿಲ್ಲ. ಇಬ್ಬರು ಹೆಂಗಸರು ರಟ್ಟೆ ಹಿಡಿದು ನನ್ನನ್ನು ಟೆಂಪೋಕ್ಕೆ ಹತ್ತಿಸಿದರು. ಅಲ್ಲಿಂದ ಅಕ್ಕಲಕೋಟೆಯವರೆಗೆ ನೀರಿನ ಡ್ರಮ್ಮಿಗೆ ಒರಗಿ ಅಳುತ್ತ ಕೂತಿದ್ದೆ. ಎಪ್ಪತ್ತರ ಮುದುಕಿಯರು ರಸ್ತೆಯಲ್ಲಿ ನಡೆಯುತ್ತಿದ್ದರು. ನನಗೆ ನಲವತ್ತಮೂರು.

ಮುಂಬಯಿಯಿಂದ ಈ ನಡಿಗೆಗೆಂದೇ ಬರುವ ನನ್ನ ಮೈದುನ ಗಿರೀಶ ಅಂದೇ ನನಗೊಂದು ಹೆಸರಿಟ್ಟ. ‘ಟೆಂಪೋ ವೈನಿ.’ ನಮ್ಮ ಕಡೆ ಅತ್ತಿಗೆಗೆ ವೈನಿ ಅನ್ನುತ್ತಾರೆ. ಹೆಸರು ಎಷ್ಟು ಬೇಗ ಹಬ್ಬಿತೆಂದರೆ, ಮರುತಿಂಗಳು ಒಂದು ಮುಂಜಿವೆಗೆ ಹೋದಾಗ ಗುರುತಿಲ್ಲದ ಹೆಂಗಸೊಬ್ಬಳು ಟೆಂಪೋ ವೈನಿ ಅಂದರೆ ನೀವೇ ಏನ್ರಿ ಎಂದು ಪ್ರೀತಿಯಿಂದ ವಿಚಾರಿಸಿದಳು.

ಅದನ್ನೂ ತಡೆದುಕೊಂಡೆ. ತಡೆಯಲಾಗದಿದ್ದದ್ದು ನನ್ನ ಅತ್ತೆಯವರ ಸಮಾಧಾನದ ಮಾತು. ಅವರಿಗೆ ಎಪ್ಪತ್ತನಾಲ್ಕು. ತಲೆ ಸವರಿ ಹೇಳಿದರು: “ಇರ್ಲಿ ಬಿಡವಾ. ಅರ್ಧಾ ನಡದ್ರೂ ನಡದಂಗನ. ಸ್ವಾಮಿ ತಿಳ್ಕೋತಾನ.”

ಸ್ವಾಮಿ ತಿಳಿದುಕೊಳ್ಳಬಹುದು. ನಾನು ತಿಳಿದುಕೊಳ್ಳುವುದು ಹೇಗೆ? ಗಂಡ ಪೂರ್ತಿ ಗುಣವಾಗಿದ್ದಾನೆ, ಹರಕೆ ಅರ್ಧ ತೀರಿಸಿದರೆ ನಡೆಯುತ್ತದೆಯೇ?

ಡಾಕ್ಟರು ಪರೀಕ್ಷೆ ಮಾಡಿ ಮೊಣಕಾಲಿಗೇನೂ ಆಗಿಲ್ಲ, ತೊಡೆ ಮತ್ತು ಬೆನ್ನಿನಲ್ಲಿ ಕಸುವಿಲ್ಲ ಎಂದರು. ಮೊದಲು ಕೂತುಕೊಂಡೇ ಕಸುವು ತುಂಬಿಸಿ, ಆಮೇಲೆ ನಡೆಯಿರಿ ಎಂದರು. ಆಫೀಸಿನ ಕುರ್ಚಿಯಲ್ಲಿ ಹದಿನೆಂಟು ವರ್ಷ ಕೂತು ತುಂಬದ ಕಸುವು ಇನ್ನೆಲ್ಲಿ ಕೂತರೆ ತುಂಬೀತು?

ಉತ್ತರ ನಮ್ಮ ಪಡಸಾಲೆಯಲ್ಲೇ ಇತ್ತು. ಅದರ ಮೇಲೆ ಶ್ಯಾವಿಗೆ ಒಣಗುತ್ತಿತ್ತು.

ಅದು ರೋಯಿಂಗ್ ಮಶೀನು. ಗಿರೀಶನ ಬಿಲ್ಡಿಂಗಿನ ಹಡಗಿನ ಆಫೀಸರೊಬ್ಬರು ಮನೆ ಖಾಲಿ ಮಾಡುವಾಗ ಅವನಿಗೆ ಕೊಟ್ಟು ಹೋಗಿದ್ದರು. ಅವನ ಫ್ಲ್ಯಾಟಿನಲ್ಲಿ ಅದನ್ನಿಟ್ಟರೆ ಮನುಷ್ಯರು ಹೊರಗೆ ಮಲಗಬೇಕು. ಹಾಗಾಗಿ ಅಣ್ಣನ ಹೊಟ್ಟೆ ಇಳಿಯಲೆಂದು ಬೇಸಿಗೆಯಲ್ಲಿ ಲಾರಿಗೆ ಹಾಕಿ ಕಳಿಸಿದ. ಉದ್ದನೆಯ ಕಬ್ಬಿಣದ ಹಳಿ, ಅದರ ಮೇಲೆ ಹಿಂದೆ ಮುಂದೆ ಸರಿಯುವ ಸೀಟು, ಕಾಲಿಗೆ ಪಟ್ಟಿ, ಎಳೆಯಲು ಎರಡು ಹಿಡಿಕೆ. ಎದುರಿಗೆ ಸೆಲ್ ಹಾಕುವ ಒಂದು ಡಬ್ಬಿ, ಅದರಲ್ಲಿ ಅಂಕಿ ಮೂಡುತ್ತವೆ. ಕೂತಲ್ಲೇ ದೋಣಿ ನಡೆಸಿದಂತೆ ಎಳೆಯಬೇಕು. ಯಜಮಾನರು ಎರಡು ದಿನ ಎಳೆದರು. ಮೂರನೆಯ ದಿನದಿಂದ ಶ್ಯಾವಿಗೆ.

ನಾನು ಶ್ಯಾವಿಗೆ ತೆಗೆದು ಕೂತೆ. ಡಬ್ಬಿಯಲ್ಲಿ ಐದು ಪ್ರೋಗ್ರಾಮುಗಳಿದ್ದವು. ಎಲ್ಲಕ್ಕಿಂತ ಹಗುರವೆಂದು ಒಂದನೆಯದನ್ನು ಒತ್ತಿದೆ. ಎಂಥ ಹಗುರ? ನಾಲ್ಕೇ ನಿಮಿಷಕ್ಕೆ ಕಣ್ಣು ಕತ್ತಲೆ ಬಂತು. ಡಬ್ಬಿ ಮಾತ್ರ ಬೇಗ, ಬೇಗ ಎಂದು ಪೀಂಪೀಂ ಮಾಡುತ್ತಲೇ ಇತ್ತು, ನಮ್ಮ ಹೆಡ್‌ಕ್ಲಾರ್ಕ್ ಹಾಗೆ.

ತಪ್ಪು ಯಾರದು? ಯಾವುದೋ ದೇಶದಲ್ಲಿ ಆರಡಿ ಎತ್ತರದ ಗಂಡಸಿನ ಅಳತೆಗೆ ಮಾಡಿದ ಪ್ರೋಗ್ರಾಮು ಅದು. ಬೇರೆಯವರ ಬ್ಲೌಸ್ ತೊಟ್ಟು ತೋಳು ಏರುತ್ತಿಲ್ಲವೆಂದು ತೋಳನ್ನು ಬೈದರೆ ಹೇಗೆ? ಕುಕ್ಕರಿನ ಜೊತೆ ಬಂದ ಪುಸ್ತಕದಲ್ಲಿ ತೊಗರಿಬೇಳೆಗೆ ಎರಡು ಸೀಟಿ ಎಂದಿದೆ. ನಮ್ಮ ಬೇಳೆ ಬೇಯಲು ಐದು ಬೇಕು. ಯಾವ ಹೆಂಗಸು ಪುಸ್ತಕ ನೋಡಿ ಕುಕ್ಕರ್ ಇಳಿಸುತ್ತಾಳೆ ಹೇಳಿ? ಅಡುಗೆಮನೆಯಲ್ಲಿರುವ ಈ ಧೈರ್ಯ ಪಡಸಾಲೆಗೆ ಬಂದ ಕೂಡಲೇ ಎಲ್ಲಿ ಹೋಗುತ್ತದೆ?

ಪುಸ್ತಕ ಹುಡುಕಿ ಓದಿದೆ. ಆರನೆಯ ಪ್ರೋಗ್ರಾಮ್ ಖಾಲಿ ಇತ್ತು. ಎಷ್ಟು ಸುತ್ತು, ಸುತ್ತಿಗೆ ಎಷ್ಟು ಎಳೆತ, ನಿಮಿಷಕ್ಕೆ ಎಷ್ಟು, ನಡುವೆ ಎಷ್ಟು ರೆಸ್ಟ್, ಎಲ್ಲ ನಾವೇ ತುಂಬಬಹುದು. ನಾನು ನಾಲ್ಕು ಸುತ್ತು ತುಂಬಿದೆ. ದಾರಿಯ ಊರುಗಳ ಹೆಸರನ್ನೇ ಇಟ್ಟೆ. ಮೊದಲನೆಯದು ಕುಂಭಾರಿ. ಎರಡನೆಯದು ವಳಸಂಗ, ಮೂರನೆಯದು ಕರ್ಜಾಳ, ಕೊನೆಯದು ಅಕ್ಕಲಕೋಟೆ. ಸುತ್ತಿಗೆ ಮೂವತ್ತೇ ಎಳೆತ, ನಿಧಾನ. ನಡುವೆ ಎರಡು ನಿಮಿಷ ರೆಸ್ಟ್.

ಅತ್ತೆಯವರು ಮೊದಲ ದಿನವೇ ತಡೆದರು. ನಾನು ಕಾಲು ಚಾಚುತ್ತಿದ್ದದ್ದು ನೇರ ದೇವರ ಜಗಲಿಯ ಕಡೆಗೆ. ಮಶೀನು ತಿರುಗಿಸಿದೆವು. ಈಗ ನನ್ನ ಮುಖ ನೇರ ಬೀದಿಬಾಗಿಲಿಗೆ. ಬಾಗಿಲು ಹಾಕಿದರೆ ಸೆಕೆ, ತೆರೆದರೆ ಇಡೀ ವಾಡೆಯ ಮನೆಗಳಿಗೆಲ್ಲ ಪ್ರದರ್ಶನ. ಸೀರೆಯ ನೆರಿಗೆ ಬೇರೆ ಸೀಟಿನ ಗಾಲಿಗೆ ಸಿಕ್ಕುತ್ತಿತ್ತು. ಅತ್ತೆಯವರು ಒಳಗೆ ಹೋಗಿ ತಮ್ಮ ಒಂಬತ್ತು ಗಜದ ಹಳೆಯ ಸೀರೆ ತಂದು ಕಚ್ಚೆ ಹಾಕಿ ಉಡಿಸಿದರು. ಅದಾದ ಮೇಲೆ ಸಿಕ್ಕಲೇ ಇಲ್ಲ. (ಈ ಕಂಪನಿಯವರು ಚಿತ್ರದಲ್ಲಿ ಚಡ್ಡಿ ತೊಡಿಸಿದ್ದಾರೆ. ಪಾಪ, ಕಚ್ಚೆ ಗೊತ್ತಿಲ್ಲ.)

ಎದುರುಮನೆಯ ಮರಾಠಿ ಹೆಂಗಸು, ನಮಗೆಲ್ಲ ಕಾಕೂ, ದಿನಾ ಸಂಜೆ ತನ್ನ ಕಟ್ಟೆಯಿಂದಲೇ ಕೇಳುವಳು: “ಕಾಯ್ ವಹಿನಿ, ಕುಠಪರ್ಯಂತ್ ಪೋಹೋಚಲಾತ್?” ಎಲ್ಲಿವರೆಗೆ ಬಂದಿರಿ ಅಂತ. ನಾನು ಕುಂಭಾರಿ ಎನ್ನುವೆ. ಒಂದು ತಿಂಗಳು ಕುಂಭಾರಿಯೇ.

ಯಾಕೆ ಗೊತ್ತೇ? ರೆಸ್ಟ್ ಎಂದು ಡಬ್ಬಿ ತೋರಿಸಿದ ಕೂಡಲೇ ನಾನು ಒಳಗೆ ಓಡುತ್ತಿದ್ದೆ. ಎರಡು ನಿಮಿಷದಲ್ಲಿ ಒಂದು ರೊಟ್ಟಿ ಬಡಿದು, ಬೇಯಿಸಿ, ತಿರುಗಿ ಬಂದು ಕೂರುತ್ತಿದ್ದೆ. ಟೈಮ್ ಉಳಿಯಿತೆಂದು ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಳ್ಳುತ್ತಿದ್ದೆ. ನೀವೂ ಹಾಗೇ ಮಾಡುತ್ತಿದ್ದಿರಿ, ಸುಳ್ಳು ಹೇಳಬೇಡಿ. ಹೆಂಗಸರ ರೆಸ್ಟ್ ಎಂದರೆ ಇನ್ನೊಂದು ಕೆಲಸ ಎಂದೇ ಅರ್ಥ. ಸುಸ್ತು ಮಾತ್ರ ದಿನದಿನಕ್ಕೆ ಏರುತ್ತಿತ್ತು.

ಹಿಡಿದವರು ಅತ್ತೆಯವರೇ. ಒಂದು ಸಂಜೆ ನನ್ನ ಕೈಯಿಂದ ಹಿಟ್ಟಿನ ಮುದ್ದೆ ಕಸಿದುಕೊಂಡರು. “ಆ ಡಬ್ಬ್ಯಾಗ ಕುಂಡ್ರು ಅಂತ ಬರದೈತೋ, ರೊಟ್ಟಿ ಬಡಿ ಅಂತ ಬರದೈತೋ? ಹೋಗು, ಕುಂಡ್ರು. ರೊಟ್ಟಿ ನಾ ನೋಡ್ಕೋತೀನಿ.”

ಕೂತೆ. ಮದುವೆಯಾಗಿ ಇಪ್ಪತ್ತೊಂದು ವರ್ಷಕ್ಕೆ ಅಡುಗೆ ಹೊತ್ತಿನಲ್ಲಿ ಎರಡು ನಿಮಿಷ ಸುಮ್ಮನೆ ಕೂತೆ. ಎದೆಬಡಿತ ಇಳಿಯುವುದು ಕೇಳಿಸಿತು. ಆಮೇಲೆ ವಾರ ವಾರ ಎಳೆತ ಏರಿಸಿದೆ. ಮೂವತ್ತು ನಲವತ್ತಾಯಿತು, ಅರವತ್ತಾಯಿತು. ಕಾಕೂಗೆ ವಳಸಂಗ ಎಂದು ಉತ್ತರ ಕೊಡತೊಡಗಿದೆ. ದೀಪಾವಳಿಗೆ ಮೊದಲು ಸುತ್ತಿಗೆ ತೊಂಬತ್ತೊಂಬತ್ತು.

ಅಲ್ಲಿ ಡಬ್ಬಿ ನಿಂತಿತು. ಅದಕ್ಕೆ ಬರುವುದು ಎರಡೇ ಅಂಕಿ. ತೊಂಬತ್ತೊಂಬತ್ತಕ್ಕೆ ಪೀಂ ಎಂದು ರೆಸ್ಟ್ ತೋರಿಸುತ್ತದೆ. ನಾನು ಹಿಡಿಕೆ ಬಿಟ್ಟೆ. ಪಕ್ಕದ ಮಣೆಯ ಮೇಲೆ ಜಪಮಾಲೆ ಹಿಡಿದು ಕೂತಿದ್ದ ಅತ್ತೆಯವರು ಬಿಡಲಿಲ್ಲ. ನನ್ನ ಒಂದೊಂದು ಎಳೆತಕ್ಕೆ ಅವರು ಒಂದೊಂದು ಮಣಿ ಸರಿಸುತ್ತಿದ್ದದ್ದು ನನಗೆ ಅಂದೇ ಗೊತ್ತಾಯಿತು. ಮಾಲೆಯಲ್ಲಿ ನೂರೆಂಟು ಮಣಿ.

“ಡಬ್ಬಿ ನಿಂತ್ರ ನಿಲ್ಲಲಿ. ನಿಂದು ಇನ್ನಾ ಒಂಬತ್ತು ಅದಾವ.”

ನಾನು ವಾದಿಸಿದೆ. ಕೈ ಸೋತಿದೆ ಎಂದೆ, ಪುಸ್ತಕದಲ್ಲಿ ಹೀಗಿಲ್ಲ ಎಂದೆ. ಅರ್ಧ ಮಾಲೆ ಬಿಟ್ಟು ಏಳುವ ಪದ್ಧತಿ ನಮ್ಮ ಮನೆಯಲ್ಲಿ ಇಲ್ಲ ಎಂದರು. (ಅರ್ಧ ನಡೆದರೂ ನಡೆದಂತೆ ಎಂದವರೂ ಇವರೇ!) ಎಳೆದೆ. ಆ ಒಂಬತ್ತರಷ್ಟು ಕಷ್ಟ ಮೊದಲಿನ ತೊಂಬತ್ತೊಂಬತ್ತು ಸೇರಿಸಿದರೂ ಇರಲಿಲ್ಲ. ಎಷ್ಟೋ ಸಂಜೆ ವಳಸಂಗದ ಕೊನೆಯ ಒಂಬತ್ತಕ್ಕೆ ತೊಡೆ ಥರಗುಟ್ಟಿ ಅಲ್ಲೇ ಬಿಟ್ಟು ಎದ್ದೆ. ಅತ್ತೆಯವರು ಬೈಯಲಿಲ್ಲ, ನಗಲಿಲ್ಲ. ಮರುದಿನ ಮತ್ತೆ ಮಣೆ ಹಾಕಿಕೊಂಡು ಕೂತರು. ಒಂದು ಸೋಮವಾರ ನಾಲ್ಕೂ ಸುತ್ತು ಮುಗಿಸಿ ಕಾಕೂಗೆ ಬಾಗಿಲಿನಿಂದ ಅಕ್ಕಲಕೋಟೆ ಎಂದು ಕೂಗಿ ಹೇಳಿದೆ. ಆಕೆ ಒಂದು ಬಟ್ಟಲು ಶೇಂಗಾ ಚಟ್ನಿ ತಂದುಕೊಟ್ಟಳು.

ಇಷ್ಟಾದಾಗ, ನಡಿಗೆಗೆ ಇನ್ನು ಎರಡೇ ವಾರ ಇದ್ದಾಗ, ಒಂದು ಸಂಜೆ ಆಫೀಸಿನಿಂದ ಬಂದು ನೋಡುತ್ತೇನೆ, ಡಬ್ಬಿ ಸತ್ತುಬಿದ್ದಿದೆ. ಒಳಗೆ ಸೆಲ್ ಇಲ್ಲ. ಯಜಮಾನರ ಟ್ರಾನ್ಸಿಸ್ಟರ್‌ನಲ್ಲಿ ಕ್ರಿಕೆಟ್ ಕಾಮೆಂಟರಿ ಜೋರಾಗಿ ಬರುತ್ತಿದೆ. ಕರೆಂಟ್ ಹೋಗಿತ್ತಂತೆ, ಕೊನೆಯ ಓವರ್‌ಗಳಂತೆ. ಸೆಲ್ ವಾಪಸ್ ಹಾಕಿದೆ. ಐದು ಪ್ರೋಗ್ರಾಮ್ ಇದ್ದವು. ಆರನೆಯದು ಖಾಲಿ. ಯಾರ ಪ್ರಾಣಕ್ಕಾಗಿ ಹರಕೆ ಹೊತ್ತಿದ್ದೆನೋ ಆ ಮಹಾನುಭಾವರೇ ಅದನ್ನು ಅಳಿಸಿದ್ದರು.

ಅಂದು ನನಗೆ ಬಂದ ಸಿಟ್ಟನ್ನು ಇಲ್ಲಿ ಬರೆದರೆ ಸಂಪಾದಕರು ಕತ್ತರಿ ಹಾಕುತ್ತಾರೆ. ಏಳು ತಿಂಗಳಲ್ಲಿ ವಾರವಾರಕ್ಕೆ ಬದಲಿಸಿದ ಅಂಕಿಗಳು. ಎಲ್ಲಿ ಎಷ್ಟು ವೇಗ, ಎಲ್ಲಿ ಎಷ್ಟು ರೆಸ್ಟ್, ಎಲ್ಲೂ ಬರೆದಿಟ್ಟಿರಲಿಲ್ಲ. (ಇಡೀ ಜಿಲ್ಲೆಯ ಕಾಲುವೆ ಫೈಲು ಬರೆದಿಡುವವಳು ನಾನು!) ಹಿಡಿಕೆ ಹಿಡಿದು ಅಳುತ್ತ ಕೂತೆ.

ಅತ್ತೆಯವರು ದೇವರ ಜಗಲಿಯ ಮುಂದಿನಿಂದ ಎದ್ದು ಬಂದು ಮಣೆ ಹಾಕಿ ಕೂತು ಹೇಳತೊಡಗಿದರು. ಕುಂಭಾರಿತನಕ ಸಾವಕಾಶ, ಒಂದು ಉಸಿರಿಗೆ ಒಂದು ಮಣಿ. ಆಮೇಲೆ ಎರಡು ಗುಟುಕು ನೀರು, ಸಣ್ಣ ಆರತಿ ಹೇಳುವಷ್ಟು ಹೊತ್ತು ಕೂರಬೇಕು. ವಳಸಂಗಕ್ಕೆ ಸ್ವಲ್ಪ ಚುರುಕು, ಆದರೆ ಕೊನೆಗೆ ಅವಸರ ಮಾಡಬಾರದು. ಕರ್ಜಾಳಕ್ಕೆ ಬೆನ್ನು ನೆಟ್ಟಗೆ. ಒಂದೂ ಬಿಡದೆ ಹೇಳಿದರು. ಇಂಗ್ಲಿಷಿನ ಒಂದಕ್ಷರ ಓದಲು ಬಾರದ ಈ ಹೆಂಗಸಿನ ತಲೆಯಲ್ಲಿ ನನ್ನ ಪೂರ್ತಿ ಪ್ರೋಗ್ರಾಮ್ ಇತ್ತು. ಆ ಎರಡು ವಾರ ಡಬ್ಬಿಯ ಮುಖವನ್ನೇ ನಾನು ನೋಡಲಿಲ್ಲ.

ಗುರುವಾರ ನಸುಕಿಗೆ ಹೊರಟೆವು. ಯಜಮಾನರು ಮನೆಯಲ್ಲೇ ಉಳಿದರು. ಅಂದು ನಲ್ಲಿಗೆ ನೀರು ಬರುವ ದಿನ. ಅತ್ತೆಯವರು ತಮ್ಮ ಮಾಲೆ ನನ್ನ ಕೈಗೆ ಸುತ್ತಿದರು.

ಕುಂಭಾರಿ ಬಂತು, ಹೋಯಿತು. ಮಧ್ಯಾಹ್ನಕ್ಕೆ ವಳಸಂಗ. ಅದೇ ಜಾಗ, ಅದೇ ಟೆಂಪೋ, ಎಂಜಿನ್ ಚಾಲೂ ಇಟ್ಟು ನಿಂತಿತ್ತು. ಬಲ ಮೊಣಕಾಲು ಹೋದ ವರ್ಷದ ಹಾಗೇ ಹಿಡಿಯತೊಡಗಿತ್ತು. ಗಿರೀಶ ಬಾಗಿಲು ತೆರೆದು ಹಿಡಿದ. “ಬರ್ರಿ ಟೆಂಪೋ ವೈನಿ, ನಿಮ್ಮ ಜಾಗಾ ಹಿಡದಿಟ್ಟೀನಿ.” ಎಲ್ಲರೂ ನಕ್ಕರು. ನಿಜ ಹೇಳುತ್ತೇನೆ, ಒಂದು ಕಾಲು ಮೆಟ್ಟಿಲ ಕಡೆಗೆ ಹೋಗಿತ್ತು. ಸಾಕು ಅನ್ನಿಸಿತ್ತು.

ಇನ್ನಾ ಒಂಬತ್ತು ಅದಾವ.

ಒಂಬತ್ತು ಹೆಜ್ಜೆ ನಡೆದೆ. ಒಂಬತ್ತು ಮಣಿ ಸರಿಸಿದೆ. ಮತ್ತೆ ಒಂಬತ್ತು. ಕಾಲು ಬೇಡವೆಂದಾಗಲೆಲ್ಲ ಒಂಬತ್ತೇ ಕೇಳಿದೆ, ಅಷ್ಟನ್ನು ಅದು ಇಲ್ಲವೆನ್ನಲಿಲ್ಲ. ಒಂದು ತಾಸಿನ ಮೇಲೆ ನೋವು ತಾನಾಗಿ ಸಡಿಲವಾಯಿತು. ಕರ್ಜಾಳದ ಹತ್ತಿರ ಟೆಂಪೋ ನನ್ನನ್ನು ದಾಟಿ ಹೋಯಿತು. ಒಳಗೆ ನೀರಿನ ಡ್ರಮ್ಮಿಗೆ ಒರಗಿ, ಹೊಸ ಸ್ಪೋರ್ಟ್ಸ್ ಶೂ ಬಿಚ್ಚಿ ಹಿಮ್ಮಡಿಯ ಬೊಕ್ಕೆ ನೋಡಿಕೊಳ್ಳುತ್ತ ಗಿರೀಶ ಕೂತಿದ್ದ. ನಾನು ಕೈ ಬೀಸಿದೆ, ಸ್ವಲ್ಪ ಜಾಸ್ತಿ ಹೊತ್ತು.

ಹೊತ್ತು ಮುಳುಗುವ ಮೊದಲು ಸ್ವಾಮಿ ಸನ್ನಿಧಿಯ ಕಲ್ಲಿನ ಮೇಲೆ ಹಣೆ ಇಟ್ಟೆ. ಈ ಸಲವೂ ಅತ್ತಿದ್ದೇನೆ. ಆದರೆ ಈ ಅಳು ಎಷ್ಟು ಹಿತವಾಗಿತ್ತೆಂದರೆ, ಪ್ರಸಾದದ ಸಾಲು ಮುಂದೆ ಹೋದರೂ ಏಳಲಿಲ್ಲ. ಪೂರ್ತಿ ನಡೆದಿದ್ದೆ. ನನ್ನ ಕಾಲಿನಿಂದ, ನನ್ನ ಅಳತೆಗೆ.

ಎಸ್‌ಟಿಡಿ ಬೂತಿನಿಂದ ಕಾಕೂ ಮನೆಗೆ ಫೋನ್ ಮಾಡಿದೆ. ಆಕೆ ಮಾಮೂಲಿನಂತೆ ಎಲ್ಲಿವರೆಗೆ ಬಂದಿರಿ ಎಂದಳು. ಅಕ್ಕಲಕೋಟೆ ಎಂದೆ. ಆ ಕಡೆ ಇಡೀ ವಾಡೆ ಚಪ್ಪಾಳೆ ತಟ್ಟಿದ್ದು ಕೇಳಿಸಿತು.

ಮರುದಿನ ಬಸ್ಸಿನಲ್ಲಿ ಸೋಲಾಪುರಕ್ಕೆ ಬಂದು, ಮಾಲೆಯನ್ನು ಅತ್ತೆಯವರ ಕೈಗಿಟ್ಟು ಕಾಲು ಮುಟ್ಟಿ ನಮಸ್ಕಾರ ಮಾಡಿದೆ. ಅವರು ನನ್ನ ಮುಖವನ್ನು ಎರಡೂ ಕೈಯಿಂದ ಹಿಡಿದು ಬಹಳ ಹೊತ್ತು ನೋಡಿದರು. ಕಣ್ಣು ಒದ್ದೆಯಾಗಿತ್ತು. ಆಮೇಲೆ ಸೆರಗಿನಿಂದ ಒರೆಸಿಕೊಂಡು ಕೇಳಿದರು.

“ಹೋಗೂದು ನಡ್ಕೋತ ಹೋದಿ, ಚಲೋ ಆತು. ಬರೂದು ಯಾಕ ಬಸ್ಸಿನ್ಯಾಗ ಬಂದಿ?”

ಹೇಳಿ, ಇಂಥ ಪ್ರೋಗ್ರಾಮ್ ಯಾವ ಕಂಪನಿಯ ಡಬ್ಬಿಯಲ್ಲಿ ಬರುತ್ತದೆ?