ಟೀ ತೋಟದ ಹಿತ್ತಲಲ್ಲಿ ರಾಗಿ

ಬೆಟ್ಟದ ಮೇಲಿನ ಕೋತಗಿರಿ ಸೀಮೆಯ ಕೂಕಲ್ತೊರೈ ಊರಿಗೆ, ಮಗನ ಮನೆಗೆ ನಾನು ಬಂದ ವರ್ಷದ ಮೊದಲ ಮಳೆ ಬಿತ್ತು. ಮಣ್ಣಿನ ವಾಸನೆ ಮೂಗಿಗೆ ಬಡಿದದ್ದೇ ಸೆರಗು ಸಿಕ್ಕಿಸಿಕೊಂಡು ಹೊರಗೆ ಓಡಿದೆ. ಒಬ್ಬರೂ ನೇಗಿಲು ತೆಗೆದಿಲ್ಲ! ಹೆಂಗಸರು ತಲೆಗೆ ಪ್ಲಾಸ್ಟಿಕ್ ಹೊದ್ದು, ನಿನ್ನೆ ಕಿತ್ತಂತೆಯೇ ಇವತ್ತೂ ಟೀ ಎಲೆ ಕೀಳುತ್ತಾ ನಿಂತಿದ್ದರು. ಬೀಜದ ಮಾತೇ ಇಲ್ಲದ ಊರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ನಮ್ಮದು ಗುಂಡ್ಲುಪೇಟೆ ಕಡೆ ಹಳ್ಳಿ. ಅಲ್ಲಿ ವರ್ಷಕ್ಕೆ ತಲೆ ಬಾಲ ಉಂಟು. ಉಳು, ಬಿತ್ತು, ಕಳೆ ತೆಗಿ, ಕೊಯ್ಯಿ, ಒಕ್ಕು. ಇಲ್ಲಿ ತಾತ ನೆಟ್ಟ ಟೀ ಗಿಡದಿಂದಲೇ ಮೊಮ್ಮಗನೂ ಎಲೆ ಕೀಳುತ್ತಾನೆ. ನನ್ನ ಮಗ ನಂಜುಂಡ ತರಕಾರಿ ವ್ಯಾಪಾರದಲ್ಲಿ ಮೇಲೆ ಬಂದು ಇಲ್ಲಿ ತೋಟ ತಗೊಂಡ, ತಾರಸಿ ಮನೆ ಕಟ್ಟಿದ, ಜೀಪು ಇಟ್ಟ. ನೋಡಲು ಬಂದ ನನ್ನ ತಂಗಿ, "ನಿಂಗೇನಕ್ಕ ಕಮ್ಮಿ? ಮಾರಾಣಿ ಕಣಕ್ಕ ನೀನು" ಅಂದಳು. ಕಮ್ಮಿ ಏನೂ ಇರಲಿಲ್ಲ, ನಿಜ. ಆದರೂ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ. ಬೆಳೆದು ಉಂಡವಳಿಗೆ ದಿನವೂ ಕೊಂಡು ಉಣ್ಣೋದು ನೆಂಟರ ಮನೆ ಊಟದ ಹಾಗೆ.

ಹಿತ್ತಲಲ್ಲಿ ಒಂದು ತುಂಡು ಜಾಗವಿತ್ತು. "ರಾಗಿ ಹಾಕ್ತೀನಿ" ಅಂದೆ.

"ಅದು ಜೀಪಿನ ಶೆಡ್ಡಿಗೆ ಬಿಟ್ಟಿರೋದು ಕಣವ್ವ."

"ನಿನ್ನ ಜೀಪು ನೆಂದ್ರೆ ಮೊಳಕೆ ಬತ್ತದಾ?"

ನಕ್ಕುಬಿಟ್ಟ. "ಒಂದೇ ಬೆಳೆ. ಬರಲಿಲ್ಲ ಅಂದ್ರೆ ಸಿಮೆಂಟ್ ಹಾಕ್ತೀನಿ. ಆಮೇಲೆ ಮಾತಾಡಂಗಿಲ್ಲ."

ಊರಿಂದ ಬೀಜ ತರಿಸಿ, ನಮ್ಮ ಕಡೆಯಂತೆ ರಾಗಿ ನಡುವೆ ಅವರೆಯ ಅಕ್ಕಡಿ ಸಾಲು ಬಿಟ್ಟು ಬಿತ್ತಿದೆ. ಊರಲ್ಲಿ ತೆನೆ ಬಾಗುವ ಹೊತ್ತಿಗೆ ಇಲ್ಲಿ ಪೈರು ಚಳಿಗೆ ಮುದುರಿ ಮೊಣಕಾಲುದ್ದ ನಿಂತಿತ್ತು. ನಂಜುಂಡ ಟೇಪು ಹಿಡಿದು ಶೆಡ್ಡಿನ ಅಳತೆ ತೆಗೆಯೋಕೆ ಬಂದ.

ಆಗ ಬೇಲಿ ಸಂದಿಯಿಂದ ನುಸುಳಿ ಬಂದವಳು ಪಕ್ಕದ ಮನೆಯ ಮಾದಿ ಹೆತ್ತೆ. ಈ ಬೆಟ್ಟದ ಬಡಗ ಜನ ಮುದುಕಿಗೆ ಹೆತ್ತೆ ಅನ್ನುತ್ತಾರೆ. ಅವಳ ಮಾತು ಮುಕ್ಕಾಲು ನಮ್ಮ ಕನ್ನಡದ ಹಾಗೇ, ಉಳಿದ ಕಾಲು ಕೈಸನ್ನೆ. ಅವಳೂ ಚಿಕ್ಕವಳಿದ್ದಾಗ ರಾಗಿ ಬೆಳೆದವಳೇ, ಟೀ ಬಂದ ಮೇಲೆ ಬಿಟ್ಟದ್ದು. "ಇದು ಬೆಟ್ಟ. ಇಲ್ಲಿ ರಾಗಿಗೂ ಅವಸರ ಇಲ್ಲ" ಅಂದು ಟೇಪು ಕಸಿದು ಅವನ ಕೈಗೇ ಸುತ್ತಿದಳು. ಆವತ್ತು ಕಳೆ ತೆಗೆಯಲು ಕೂತವಳು ದಿನಾ ಬಂದಳು. ದಿನಾ ಜಗಳ.

"ನಿನ್ನ ಸಾಲು ಸೊಟ್ಟ" ಅನ್ನೋಳು.

"ನಿನ್ನ ಸೊಂಟಕ್ಕಿಂತ ನೆಟ್ಟಗದೆ, ಸುಮ್ಕಿರು."

ತೆನೆ ಬಂತು. ತಡವಾಗಿ, ಕುಳ್ಳಗೆ, ಆದರೂ ಬಂತು. ತಾರಸಿ ಮೇಲೆ ಬಡಿದು ತೂರಿದೆವು. ಹಿಟ್ಟು ಬೇಯಿಸಿದಾಗ ಮಾದಿ ಮುದ್ದೆಯ ನಡುವೆ ಗುಳಿ ಒತ್ತಿ ತುಪ್ಪ ಸುರಿದಳು. ದುಂಡಗಿರೋ ಮುದ್ದೆಗೆ ಗುಂಡಿ ತೋಡೋದನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ. ರುಚಿಯಾಗಿತ್ತು, ಸುಳ್ಳು ಯಾಕೆ. ನಂಜುಂಡ ಎರಡನೇ ಮುದ್ದೆಗೆ ತಟ್ಟೆ ಚಾಚಿದಾಗ, "ಹೋಗು, ಸಿಮೆಂಟ್ ತಿನ್ನು" ಅಂದೆ. ಮಾರನೇ ವಾರ ಜೀಪಿಗೆ ಟಾರ್ಪಾಲು ಬಂತು.

ಈ ವರ್ಷ ಊರಿನ ಎಸ್‌ಟಿಡಿ ಬೂತಿನಿಂದ ತಮ್ಮ ಫೋನ್ ಮಾಡಿ, "ಬಿತ್ತನೆಗೆ ಬಾರಕ್ಕ" ಅಂದ. ಫೋನ್ ಹಿಡಿದೇ ಹಿತ್ತಲ ಕಡೆ ನೋಡಿದೆ. "ಇಲ್ಲಿ ನಂದೂ ಬಿತ್ತನೆ ಕಣ್ಲಾ, ಆಗಲ್ಲ" ಅಂದೆ.

ಬೀಜ ಕೈಗೆ ತಗೊಂಡು ನಮ್ಮ ಗೋಪಾಲಸ್ವಾಮಿ ಬೆಟ್ಟದ ಕಡೆ ಕೈಮುಗಿಯೋದು ರೂಢಿ. ಮಂಜಿನಲ್ಲಿ ದಿಕ್ಕೇ ತಿಳಿಯಲಿಲ್ಲ. ಮಾದಿ ತೋರಿಸಿದ ಕಡೆ ಮುಗಿದೆ. ಮಂಜು ಸರಿದ ಮೇಲೆ ನೋಡಿದರೆ ಅದು ಅವಳ ದೇವರ ಗುಡಿ ಇರೋ ದಿಕ್ಕು! ಬೈದೆ.

"ಬೆಳೆಯೋದು ಇಲ್ಲಿ ತಾನೆ?" ಅಂದಳು.

ಮೊದಲ ಸಾಲು ಅವಳ ದಿಕ್ಕಿಗೆ ಮುಖ ಮಾಡಿ ಬಿತ್ತಿದೆ. ಎರಡನೇ ಸಾಲಿಗೆ ನಮ್ಮ ಬೆಟ್ಟದ ಕಡೆ ತಿರುಗಿ ನಿಂತೆ.